ರಾಜಕಾರಣಿಯ ಪುಸ್ತಕ, ಓದುಗನ ಪ್ರಶ್ನೆ

ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ರಾಜಕಾರಣಿಯೊಬ್ಬರ ಆತ್ಮಕಥೆ ಬಿಡುಗಡೆಗೆ ಹೋಗಿದ್ದೆ. ಕಾರ್ಯಕ್ರಮ ಶುರುವಾಗೋದು ಒಂದು ಗಂಟೆ ತಡವಾಯಿತು. ಬಾಗಿಲ ಬಳಿ ಕೊಂಡ ಪುಸ್ತಕದಲ್ಲಿ ತುರ್ತು ಪರಿಸ್ಥಿತಿಯ ಅಧ್ಯಾಯವನ್ನು ಅಲ್ಲೇ ಕೂತು ಓದಿದೆ. ಆಹ್ವಾನ ಪತ್ರಿಕೆಯ ಬೆನ್ನಿಗೆ ಒಂದು ಪ್ರಶ್ನೆ ಬರೆದುಕೊಂಡೆ. ಆಮೇಲೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕಗಳು ತಟ್ಟೆಯಲ್ಲಿ ವೇದಿಕೆಗೆ ಬಂದವು. ಗಣ್ಯರು ರಿಬ್ಬನ್ ಬಿಚ್ಚಿ, ಪುಸ್ತಕ ಎತ್ತಿ ಹಿಡಿದು ಫೋಟೊಗೆ ನಿಂತರು. ಶಾಲು, ಹಾರ, ಹಣ್ಣಿನ ಬುಟ್ಟಿ. ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈಸೇರಿತು, ಪೂರ್ತಿ ಓದಲು ಆಗಿಲ್ಲ ಅಂತ ಮುಖ್ಯ ಅತಿಥಿ ಹೇಳಿದರು. ಲೇಖಕರು ಎಲ್ಲರಿಗೂ ಕೃತಜ್ಞತೆ ಸಲ್ಲಿಸಿದರು. ವಂದನಾರ್ಪಣೆ ಆಗಿಯೇ ಹೋಯಿತು. ಪ್ರಶ್ನೆ ನನ್ನ ಕೈಯಲ್ಲೇ ಉಳಿಯಿತು.

ನನಗೆ ಬೇಸರವಾಗಿದ್ದು ಇದಕ್ಕೇ. ಪುಸ್ತಕ ಬರೆದ ರಾಜಕಾರಣಿ ಅದನ್ನು ಹಿಡಿದು ಜನರ ಮುಂದೆ ನಿಲ್ಲೋದು ನಮ್ಮ ದೇಶದಲ್ಲಿ ದೊಡ್ಡ ವಿಷಯವಾಗಿತ್ತು. ಅದಕ್ಕೆ ನೂರು ವರ್ಷಕ್ಕೂ ಜಾಸ್ತಿ ಇತಿಹಾಸ ಇದೆ.

1909ರ ನವೆಂಬರ್‌ನಲ್ಲಿ ಗಾಂಧೀಜಿ ಲಂಡನ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಮರಳುವಾಗ ಹತ್ತೇ ದಿನದಲ್ಲಿ 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಆ ಪುಸ್ತಕದ ರೂಪ ನೋಡಿ: ಓದುಗ ಕೇಳುತ್ತಾನೆ, ಸಂಪಾದಕ ಉತ್ತರ ಕೊಡುತ್ತಾನೆ. ಒಪ್ಪದ ಓದುಗನನ್ನು ಲೇಖಕರೇ ಪುಸ್ತಕದೊಳಗೆ ಕೂರಿಸಿಕೊಂಡಿದ್ದಾರೆ. 1910ರಲ್ಲಿ ಬಾಂಬೆ ಸರ್ಕಾರ ಅದನ್ನು ನಿಷೇಧಿಸಿತು.

1919ರ ಏಪ್ರಿಲ್ 6, ವಿಚಾರಣೆಯಿಲ್ಲದೆ ಜೈಲಿಗೆ ಹಾಕಲು ಬ್ರಿಟಿಷ್ ಸರ್ಕಾರ ತಂದ ರೌಲಟ್ ಕಾಯ್ದೆಯ ವಿರುದ್ಧ ಹರತಾಳದ ದಿನ. ಬೆಳಿಗ್ಗೆ ಬಾಂಬೆಯ ಚೌಪಾಟಿ ಕಡಲ ತೀರದಲ್ಲಿ ಜನ ಸಮುದ್ರ ಸ್ನಾನಕ್ಕೆ ಸೇರಿದ್ದರು. ಸಂಜೆ ಉಪವಾಸ ಮುಗಿಸಿದ ಮೇಲೆ ಸ್ವಯಂಸೇವಕರು ನಿಷೇಧಿತ ಪುಸ್ತಕಗಳನ್ನು ಮಾರಲು ಬೀದಿಗಿಳಿದರು. 'ಹಿಂದ್ ಸ್ವರಾಜ್' ಮತ್ತು ಗಾಂಧೀಜಿಯದೇ ಇನ್ನೊಂದು ಪುಸ್ತಕ 'ಸರ್ವೋದಯ'ವನ್ನು ಇದಕ್ಕಾಗಿಯೇ ಹೊಸದಾಗಿ ಅಚ್ಚು ಹಾಕಿಸಿದ್ದರು. ಗಾಂಧೀಜಿ ಮತ್ತು ಸರೋಜಿನಿ ನಾಯ್ಡು ತಾವೇ ಕಾರಿನಲ್ಲಿ ಹೊರಟರು. ಬೆಲೆ ನಾಲ್ಕಾಣೆ. ಆದರೆ ನಾಲ್ಕಾಣೆಯನ್ನಷ್ಟೇ ಕೊಟ್ಟವರು ನೆನಪಿಲ್ಲ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದೊಂದು ಪ್ರತಿಗೆ ಐದು, ಹತ್ತು ರೂಪಾಯಿ ಕೊಟ್ಟು ಒಯ್ದರು. ಒಂದು ಪ್ರತಿಯನ್ನಂತೂ ಗಾಂಧೀಜಿಯೇ 50 ರೂಪಾಯಿಗೆ ಮಾರಿದರು. ಕೊಳ್ಳುವವರಿಗೆ ಮೊದಲೇ ಹೇಳಿದ್ದರು: ಇದನ್ನು ಕೊಂಡರೆ ಜೈಲಿಗೆ ಹೋಗಬೇಕಾದೀತು. ಎಲ್ಲ ಪ್ರತಿಗಳೂ ಖಾಲಿಯಾದವು. ಇವು ಹೊಸ ಮುದ್ರಣ, ನಿಷೇಧಿತ ಪುಸ್ತಕವಲ್ಲ ಎಂದು ಆಮೇಲೆ ಸರ್ಕಾರವೇ ಕೈತೊಳೆದುಕೊಂಡಿತು.

1936ರಲ್ಲಿ ಜಾತಿ ಪದ್ಧತಿ ಮುರಿಯಬೇಕೆನ್ನುತ್ತಿದ್ದ ಲಾಹೋರಿನ ಸಂಘಟನೆ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಅವರನ್ನು ಕರೆದಿತ್ತು. ಭಾಷಣದ ಪ್ರತಿ ಓದಿದ ಮೇಲೆ ಸಂಘಟಕರು ಹಿಂಜರಿದರು. ಕೆಲವು ಭಾಗ ತೆಗೆಯಿರಿ ಎಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಬರೆದರು. ಸಮ್ಮೇಳನ ನಡೆಯಲಿಲ್ಲ. ಆಡದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಸುಮಾರು ಎರಡು ತಿಂಗಳಲ್ಲಿ ಮುಗಿದುಹೋಯಿತು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಪುಸ್ತಕಕ್ಕೆ ಎಂಟಾಣೆ ಬೆಲೆ ಜಾಸ್ತಿಯಾಯಿತು, ಎರಡಾಣೆಗೋ ನಾಲ್ಕಾಣೆಗೋ ಇಳಿಸಿ ಎಂದೂ ಬರೆದರು. ಮುಂದಿನ ವರ್ಷದ ಎರಡನೇ ಮುದ್ರಣದಲ್ಲಿ ಅಂಬೇಡ್ಕರ್ ಗಾಂಧೀಜಿಯ ಟೀಕೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ವೇದಿಕೆ ಸಿಗದಿದ್ದರೂ ಸಂವಾದ ನಿಲ್ಲಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಬರೆಯುವವರು ಅಧಿಕಾರದಲ್ಲಿದ್ದರು, ಇಲ್ಲವೇ ಪಕ್ಷದೊಳಗಿದ್ದರು. ಪುಸ್ತಕದ ಒಂದು ಸಾಲು ಪಕ್ಷದ ನಿಲುವಿಗೆ ಅಡ್ಡ ಬಂದರೆ ಕಷ್ಟ. ಮೌಲಾನಾ ಆಜಾದ್ ತಮ್ಮ ಆತ್ಮಕಥೆಯ 30 ಪುಟಗಳನ್ನು ಸೀಲ್ ಮಾಡಿಸಿ, ಮೂವತ್ತು ವರ್ಷ ತೆಗೆಯಬೇಡಿ ಎಂದು ಇಟ್ಟುಹೋದರು. 1988ರಲ್ಲಿ ಅವು ಹೊರಬಂದಾಗ ಆಜಾದ್ ಇರಲಿಲ್ಲ, ನೆಹರು ಇರಲಿಲ್ಲ, ಪಟೇಲರೂ ಇರಲಿಲ್ಲ. ಪ್ರಶ್ನೆ ಯಾರನ್ನು ಕೇಳೋದು?

ಬದುಕಿದ್ದಾಗಲೇ ಪ್ರಕಟಿಸಿದವರ ಪಾಡು ಬೇರೆ. ಜಸ್ವಂತ್ ಸಿಂಗ್ ಬಿಜೆಪಿಯ ಸ್ಥಾಪಕ ಸದಸ್ಯರಲ್ಲೊಬ್ಬರು. ವಿದೇಶಾಂಗ, ಹಣಕಾಸು, ರಕ್ಷಣಾ ಖಾತೆ ನೋಡಿಕೊಂಡವರು. ಜಿನ್ನಾ ಕುರಿತ ಅವರ ಪುಸ್ತಕ 2009ರ ಆಗಸ್ಟ್ 17ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ದೇಶ ವಿಭಜನೆಯ ಹೊಣೆಯನ್ನು ಜಿನ್ನಾ ಒಬ್ಬರ ಮೇಲೇ ಹೊರಿಸದೆ ನೆಹರು, ಪಟೇಲರ ಕಡೆಗೂ ಅದು ಬೊಟ್ಟು ಮಾಡಿತ್ತು. ಆಗಸ್ಟ್ 19ರಂದು ಶಿಮ್ಲಾದಲ್ಲಿ ಸೇರಿದ್ದ ಪಕ್ಷ ಅವರನ್ನು ಉಚ್ಚಾಟಿಸಿತು. ಸುದ್ದಿ ಫೋನಿನಲ್ಲಿ ಬಂತು. ಅದೇ ದಿನ ಗುಜರಾತ್ ಸರ್ಕಾರ ಪುಸ್ತಕ ನಿಷೇಧಿಸಿತು. ಸೆಪ್ಟೆಂಬರ್ 4ರಂದು ಗುಜರಾತ್ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 600ಕ್ಕೂ ಹೆಚ್ಚು ಪುಟದ ಪುಸ್ತಕ ಅದು. ಎರಡು ದಿನದಲ್ಲಿ ಎಷ್ಟು ಜನ ಓದಿರಬಹುದು? ಪುಟ ತೆರೆದು, ಈ ಮಾತಿಗೆ ಏನು ಆಧಾರ ಅಂತ ಲೇಖಕರನ್ನು ಎದುರಿಗೆ ಕೂರಿಸಿ ಕೇಳಬಹುದಿತ್ತು ಅಲ್ವಾ? ಆ ಕೆಲಸ ಯಾರೂ ಮಾಡಲಿಲ್ಲ. ಮರುವರ್ಷ ಪಕ್ಷ ಅವರನ್ನು ವಾಪಸ್ ಕರೆದುಕೊಂಡಿತು.

ಇಂಥದ್ದನ್ನು ನೋಡಿದ ಮೇಲೆ ರಾಜಕಾರಣಿಗಳು ಪುಸ್ತಕದ ಸಭೆಯನ್ನು ಸನ್ಮಾನ ಸಭೆ ಮಾಡಿಕೊಳ್ಳೋದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಬಾಯಿತಪ್ಪಿ ಬಂದ ಒಂದು ಮಾತು ಸಂಜೆಯ ಟಿವಿಯಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಅದಕ್ಕೇ ಸುಮ್ನೆ ಶಾಲು ಹೊದಿಸಿಕೊಂಡು ಹೋಗೋದು ಸುಲಭ. ಅರ್ಥವಾಗುತ್ತದೆ, ಒಪ್ಪಲಾರೆ.

ಯಾಕೆಂದರೆ 2015ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ನಡೆದದ್ದೂ ನನಗೆ ನೆನಪಿದೆ. ಪಾಕಿಸ್ತಾನದ ಮಾಜಿ ವಿದೇಶಾಂಗ ಸಚಿವ ಖುರ್ಷಿದ್ ಮಹಮೂದ್ ಕಸೂರಿ ಅವರ ಪುಸ್ತಕ ಬಿಡುಗಡೆ ಆ ದಿನ ನಿಗದಿಯಾಗಿತ್ತು. ಶಿವಸೇನೆ ವಿರೋಧಿಸಿತ್ತು. ಕಾರ್ಯಕ್ರಮದ ಹೊಣೆ ಹೊತ್ತವರು ಸುಧೀಂದ್ರ ಕುಲಕರ್ಣಿ, ನಮ್ಮ ಬೆಳಗಾವಿ ಜಿಲ್ಲೆಯ ಅಥಣಿಯವರು. ಬೆಳಿಗ್ಗೆ ಮನೆಯಿಂದ ಹೊರಬಂದಾಗ ಶಿವಸೇನೆಯ ಕಾರ್ಯಕರ್ತರು ಅವರ ಮುಖಕ್ಕೆ ಕಪ್ಪು ಬಳಿದರು. ಅವರು ತೊಳೆದುಕೊಳ್ಳಲಿಲ್ಲ. ಕಪ್ಪು ಮೆತ್ತಿದ ಮುಖದಲ್ಲೇ ಕಸೂರಿ ಅವರ ಪಕ್ಕ ಕೂತು ಪತ್ರಕರ್ತರ ಜೊತೆ ಮಾತಾಡಿದರು. ಕಾರ್ಯಕ್ರಮ ನಿಲ್ಲಿಸುವುದಿಲ್ಲ ಎಂದರು. ಸಂಜೆ ವರ್ಲಿಯ ನೆಹರು ಸೆಂಟರ್‌ನಲ್ಲಿ, ಪೊಲೀಸ್ ಕಾವಲಿನ ನಡುವೆ, ಪುಸ್ತಕ ಬಿಡುಗಡೆಯಾಯಿತು. ಜನ ಬಂದು ಕೂತು ಕೇಳಿಸಿಕೊಂಡರು.