ಆಗಸ್ಟ್ 15 ಕಳೆದ ಮೇಲೂ ಸತ್ಯಾಗ್ರಹವೇಕೆ? ‘ಮೈಸೂರು ಚಲೋ’ ಅಧ್ಯಯನ ಟಿಪ್ಪಣಿ

ಕರ್ನಾಟಕದ ಇತಿಹಾಸ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಶಿವಪುರ, ವಿದುರಾಶ್ವತ್ಥ, ಈಸೂರು, ಮೈಸೂರು ಚಲೋ ಎಂಬ ನಾಲ್ಕು ಹೆಸರುಗಳು ಇಸವಿಯ ಸಮೇತ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ಇಸವಿಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕಷ್ಟವಾಗುವುದು ಕೊನೆಯ ಹೆಸರಿನ ಹತ್ತಿರ. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದಿತು, ಮೈಸೂರು ಸಂಸ್ಥಾನವೂ ಅದಕ್ಕೆ ಮುನ್ನವೇ ಭಾರತಕ್ಕೆ ಸೇರಲು ಒಪ್ಪಿತ್ತು. ಹಾಗಿದ್ದರೂ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಎಂದು ಜನ ಬೀದಿಗಿಳಿದದ್ದು ಏಕೆ, ಮತ್ತು ಯಾರ ವಿರುದ್ಧ? ಬೆಂಗಳೂರಿನಲ್ಲಿ ನಾವು ಓದುವ ಗುಂಪಿನಲ್ಲಿ ಹೆಚ್ಚು ಸಮಯ ತಿಂದದ್ದು ಇದೇ ಪ್ರಶ್ನೆಯಾದ್ದರಿಂದ ಟಿಪ್ಪಣಿಯ ಬಹುಪಾಲೂ ಇದಕ್ಕೇ ಹೋಗಿದೆ.

ಮೊದಲು ಹಿನ್ನೆಲೆ

ಮೈಸೂರಿಗೆ ‘ಮಾದರಿ ಸಂಸ್ಥಾನ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1881ರಲ್ಲಿ ದಿವಾನ್ (ಮಹಾರಾಜರ ಕೆಳಗೆ ಆಡಳಿತ ನಡೆಸುವ ಮುಖ್ಯಸ್ಥ) ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ (ಶಾಸನ ಸಭೆ) ಬಂದಿತು. 1923ರ ಸುಧಾರಣೆಗಳಿಂದ ಈ ಸಭೆಗಳಿಗೆ ಆಯವ್ಯಯದ ಮೇಲೆ ಚರ್ಚಿಸುವ, ಹೊಸ ತೆರಿಗೆಗಳ ಬಗ್ಗೆ ಅಭಿಪ್ರಾಯ ಹೇಳುವ ಅವಕಾಶ ದೊರೆಯಿತು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತವನ್ನು ಬೆಂಗಳೂರಿನ ಹಳಬರು ಇಂದಿಗೂ ಮೆಚ್ಚಿಯೇ ಮಾತನಾಡುತ್ತಾರೆ. (ಧರಣಿಗೆಂದು ಜನ ಸೇರುತ್ತಿದ್ದ ಪುರಭವನದ ಮೆಟ್ಟಿಲುಗಳು ಕೂಡ ಆ ದಿವಾನಗಿರಿಯ ಕಾಲದಲ್ಲಿಯೇ ಕಟ್ಟಿದವು.) ಇಷ್ಟೆಲ್ಲ ಇದ್ದ ಸಂಸ್ಥಾನದಲ್ಲಿ ಅತೃಪ್ತಿ ಎಲ್ಲಿಂದ ಬಂದಿತು ಎಂಬುದನ್ನು ಹಿಡಿಯಲು ನಾನು ಒಂದು ಸುಲಭದ ಉಪಾಯ ಇಟ್ಟುಕೊಂಡಿದ್ದೇನೆ. ಯಾವುದೇ ಇಸವಿ ಎದುರಾದಾಗ ಕೇಳಬೇಕಾದದ್ದು ಇಷ್ಟೆ: ಆ ವರ್ಷ ದಿವಾನರನ್ನು ಕೆಳಗಿಳಿಸುವ ಅಧಿಕಾರ ಯಾರ ಕೈಯಲ್ಲಿತ್ತು?

1881ರಲ್ಲಿ ಉತ್ತರ, ಮಹಾರಾಜರು ಮತ್ತು ಅವರ ಹಿಂದೆ ನಿಂತ ಬ್ರಿಟಿಷರು. 1907ರಲ್ಲಿಯೂ ಅದೇ, 1923ರಲ್ಲಿಯೂ ಅದೇ. ಸಭೆಗಳಲ್ಲಿ ಸದಸ್ಯರು ಬೇಡಿಕೆ ಮಂಡಿಸಬಹುದಿತ್ತು, ಟೀಕಿಸಬಹುದಿತ್ತು, ವಿರುದ್ಧ ಮತವನ್ನೂ ಹಾಕಬಹುದಿತ್ತು. ಆದರೆ ಆ ಮತದಿಂದ ಸರ್ಕಾರ ಬೀಳುತ್ತಿರಲಿಲ್ಲ. ಸರ್ಕಾರ ತನ್ನ ಕೆಲಸಕ್ಕೆ ಸಭೆಗೆ ಉತ್ತರ ಕೊಡಬೇಕು, ಸಭೆಯ ವಿಶ್ವಾಸ ಕಳೆದುಕೊಂಡರೆ ಮನೆಗೆ ಹೋಗಬೇಕು ಎಂಬ ಬೇಡಿಕೆಯೇ ‘ಜವಾಬ್ದಾರಿ ಸರ್ಕಾರ’ದ ಬೇಡಿಕೆ. ಮುಂದಿನ ಎಲ್ಲ ಘಟನೆಗಳೂ ಇದರ ಸುತ್ತಲೇ ತಿರುಗುತ್ತವೆ.

1938ರಿಂದ 1943ರವರೆಗೆ, ಚುಟುಕಾಗಿ

ಪಟ್ಟಣದ ವಕೀಲರು, ವಿದ್ಯಾರ್ಥಿಗಳು ಹೆಚ್ಚಾಗಿದ್ದ ಕಾಂಗ್ರೆಸ್ಸಿಗೆ 1937ರಲ್ಲಿ ಬ್ರಾಹ್ಮಣೇತರ ಚಳವಳಿಯ ಬೇರಿನಿಂದ ಬಂದ ಪ್ರಜಾ ಸಂಯುಕ್ತ ಪಕ್ಷ ಸೇರಿಕೊಂಡದ್ದನ್ನು ಪುಸ್ತಕಗಳು ಒಂದೇ ವಾಕ್ಯದಲ್ಲಿ ದಾಟಿಸುತ್ತವೆ. ನನ್ನ ಪ್ರಕಾರ ಇದೇ ತಿರುವು. ಒಕ್ಕಲಿಗ, ಲಿಂಗಾಯತ ಮುಖಂಡರ ಜೊತೆಗೆ ಅವರ ಊರುಗಳೂ ಚಳವಳಿಗೆ ಬಂದವು. ಮುಂದೆ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ಅವರೂ ಈ ಕಡೆಯಿಂದ ಬಂದವರೇ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯ ನಡುವೆ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿತ್ತು. ಆ ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿದ್ದರಿಂದ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಧ್ವಜಕ್ಕೆ ಒಪ್ಪಿಗೆ ಸಿಕ್ಕಿತು, ದಿವಾನರನ್ನು ಇಳಿಸುವ ಅಧಿಕಾರ ಸಿಗಲಿಲ್ಲ.

ಈಸೂರನ್ನು ಸ್ವಲ್ಪ ನಿಂತು ನೋಡಬೇಕು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಊರಿನವರು ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ಇಬ್ಬರು ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಆಡಳಿತಾಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ನಿಜವಾದ ಅಮಲ್ದಾರರೂ ಪೊಲೀಸರೂ ಊರಿಗೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿರೆಂದು ಊರಿನವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆದು, ಗಲಭೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಎಲ್ಲರಿಗೂ ನೆನಪಿರುತ್ತದೆ. ಗಮನಿಸಬೇಕಾದ ಅಂಶ ಬೇರೆಯದು: 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದ್ದು ಮೈಸೂರು ಸಂಸ್ಥಾನದ ಸರ್ಕಾರ. ‘ಕ್ವಿಟ್ ಇಂಡಿಯಾ’ ಎಂದ ಮಾತ್ರಕ್ಕೆ ಎದುರಾಳಿ ಬ್ರಿಟಿಷರು ಮಾತ್ರವೇ ಎಂದುಕೊಂಡು ಓದಿದರೆ ಮುಂದಿನ ಭಾಗ ಅರ್ಥವಾಗುವುದಿಲ್ಲ. ಹಾಗೆಯೇ, ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿರುವ ಹುತಾತ್ಮರ ಸ್ಮಾರಕ 1942ರ ಗೋಲಿಬಾರಿಗೆ ಸಂಬಂಧಿಸಿದ್ದು. ಅದನ್ನು 1947ರ ಖಾತೆಗೆ ಬರೆಯಬಾರದು.

ತೊಡಕಿನ ಗಂಟು: ಸೇರ್ಪಡೆ ಬೇರೆ, ಜವಾಬ್ದಾರಿ ಸರ್ಕಾರ ಬೇರೆ

ಬ್ರಿಟಿಷರು ಹೊರಡುವಾಗ ಸಂಸ್ಥಾನಗಳ ಮೇಲಿದ್ದ ತಮ್ಮ ಸಾರ್ವಭೌಮತ್ವವನ್ನು ಭಾರತ ಸರ್ಕಾರಕ್ಕೆ ವರ್ಗಾಯಿಸಲಿಲ್ಲ, ಕೊನೆಗೊಳಿಸಿದರು. ಆದ್ದರಿಂದ ಪ್ರತಿ ಸಂಸ್ಥಾನವೂ ಸೇರ್ಪಡೆ ಪತ್ರಕ್ಕೆ ಪ್ರತ್ಯೇಕವಾಗಿ ಸಹಿ ಹಾಕಬೇಕಾಯಿತು. ಆ ಪತ್ರದ ಮೂಲಕ ಸಂಸ್ಥಾನ ಭಾರತಕ್ಕೆ ಒಪ್ಪಿಸಿದ್ದು ಮೂರೇ ವಿಷಯಗಳನ್ನು: ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ. ಕಂದಾಯ, ಪೊಲೀಸು, ನ್ಯಾಯ, ಶಿಕ್ಷಣ, ಮಂತ್ರಿಗಳ ನೇಮಕ ಎಲ್ಲವೂ ಅರಮನೆಯ ಕೈಯಲ್ಲಿಯೇ ಉಳಿದವು. ಅಪಾರ್ಟ್‌ಮೆಂಟಿನ ಮನೆಯ ಯಜಮಾನ ನಿವಾಸಿಗಳ ಸಂಘಕ್ಕೆ ಸೇರಿ ಗೇಟು, ಲಿಫ್ಟು, ಹೊರಗಿನವರ ವ್ಯವಹಾರವನ್ನು ಸಂಘಕ್ಕೆ ಬಿಟ್ಟುಕೊಟ್ಟ ಮಾತ್ರಕ್ಕೆ ಅವನ ಮನೆಯೊಳಗೆ ಯಾರ ಮಾತು ನಡೆಯಬೇಕೆಂಬುದು ಬದಲಾಗುವುದಿಲ್ಲ. ಸೇರ್ಪಡೆ ಪತ್ರವೂ ಇಷ್ಟೇ ಕೆಲಸ ಮಾಡಿತು.

ಸಹಿ ಹಾಕಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ದಿವಾನರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಈಗ ನಮ್ಮ ಪ್ರಶ್ನೆಯನ್ನು ಆಗಸ್ಟ್ 16ಕ್ಕೆ ಹಾಕಿ ನೋಡೋಣ. ದಿವಾನರನ್ನು ಇಳಿಸುವ ಅಧಿಕಾರ ಯಾರಿಗೆ? ಮಹಾರಾಜರಿಗೆ. ಬ್ರಿಟಿಷರು ಚಿತ್ರದಿಂದ ಹೋದರು ಎಂಬುದನ್ನು ಬಿಟ್ಟರೆ ಉತ್ತರ 1881ರದ್ದೇ.

ಇದು ಇನ್ನೂ ಸ್ಪಷ್ಟವಾಗಬೇಕಾದರೆ ಬೆಂಗಳೂರಿನ ದಂಡು ಪ್ರದೇಶವನ್ನು ನೋಡಬಹುದು. ಪೇಟೆಯ ಕಡೆಯ ಊರು ಮೈಸೂರು ಸರ್ಕಾರದ ಆಡಳಿತದಲ್ಲಿದ್ದರೆ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಬ್ರಿಟಿಷ್ ರೆಸಿಡೆಂಟರ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಅಧೀನದಲ್ಲಿತ್ತು. 1947ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು. ಇಂದಿನ ಶಿವಾಜಿನಗರದ ಕಡೆಯ ಒಬ್ಬ ಅಂಗಡಿಯವರ ದೃಷ್ಟಿಯಿಂದ ಯೋಚಿಸಿದರೆ, ಜುಲೈನಲ್ಲಿ ರೆಸಿಡೆಂಟರ ಆಡಳಿತ ಹೋಗಿ ದಿವಾನರ ಆಡಳಿತ ಬಂದಿತು. ಆಗಸ್ಟ್‌ನಲ್ಲಿ ತ್ರಿವರ್ಣ ಧ್ವಜ ಏರಿತು. ಆದರೆ ಇವರಲ್ಲಿ ಯಾರನ್ನೂ ಮತ ಹಾಕಿ ಇಳಿಸುವ ಹಕ್ಕು ಅವರಿಗೆ ಬರಲಿಲ್ಲ.

ಬೇರೆ ಸಂಸ್ಥಾನಗಳ ಜೊತೆ ಕಲಸಿಕೊಳ್ಳದಿರಲು ಒಂದು ಮಾತು. ಹೈದರಾಬಾದಿನ ನಿಜಾಮರು ಸೇರ್ಪಡೆಗೇ ಒಪ್ಪಲಿಲ್ಲ, ಆದ್ದರಿಂದ ಅಲ್ಲಿ 1948ರ ಸೆಪ್ಟೆಂಬರ್‌ನಲ್ಲಿ ಸೇನಾ ಕಾರ್ಯಾಚರಣೆ ನಡೆಯಿತು. ಮೈಸೂರಿನಲ್ಲಿ ಸೇರ್ಪಡೆ ವಿವಾದವೇ ಆಗಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯವರ ಹೋರಾಟವನ್ನೂ ಮೈಸೂರಿನವರ ಹೋರಾಟವನ್ನೂ ‘ವಿಲೀನ ಚಳವಳಿ’ ಎಂದು ಒಂದೇ ಶೀರ್ಷಿಕೆಯಡಿ ಬರೆದರೆ ಅಂಕ ಹೋಗುವುದು ಖಚಿತ.

ಚಳವಳಿ ನಡೆದ ಬಗೆ

ಸೆಪ್ಟೆಂಬರ್ 1ರಂದು ಚಳವಳಿ ಆರಂಭವಾದಾಗ ಕೆ.ಸಿ. ರೆಡ್ಡಿ ಮುಂತಾದ ನಾಯಕರನ್ನು ಬಂಧಿಸಲಾಯಿತು. ಬೆಂಗಳೂರಿನಲ್ಲಿ ಇಂದು ಫ್ರೀಡಂ ಪಾರ್ಕ್ ಇರುವ ಜಾಗ ಆಗ ಸೆಂಟ್ರಲ್ ಜೈಲು. ನಾಯಕರು ಒಳಗೆ ಹೋದ ಮೇಲೂ ಚಳವಳಿ ನಿಲ್ಲದಿದ್ದುದೇ ಇದರ ತಳಮಟ್ಟದ ಶಕ್ತಿಗೆ ಸಾಕ್ಷಿ. ವಿದ್ಯಾರ್ಥಿಗಳು ತರಗತಿ ಬಿಟ್ಟರು, ಕಾರ್ಮಿಕರು ಕೆಲಸ ನಿಲ್ಲಿಸಿದರು, ತಾಲ್ಲೂಕು ಕಚೇರಿಗಳ ಮುಂದೆ ಸತ್ಯಾಗ್ರಹ ನಡೆಯಿತು. ಹಳ್ಳಿಯವನಿಗೆ ಸಂವಿಧಾನದ ಸೂಕ್ಷ್ಮ ತಿಳಿದಿರಬೇಕೆಂದಿರಲಿಲ್ಲ. ಯುದ್ಧಕಾಲದಲ್ಲಿ ಬಂದ ಧಾನ್ಯದ ಲೆವಿ (ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಪಾಲು) ಮತ್ತು ನಿಯಂತ್ರಣಗಳನ್ನು ಅನುಭವಿಸಿದ್ದ ಅವನಿಗೆ ಸರ್ಕಾರವೆಂದರೆ ಅಮಲ್ದಾರರೇ ಆಗಿದ್ದರು.

ಚಳವಳಿಯ ಗುರಿಯನ್ನು ಅದರ ಘೋಷಣೆಯೇ ಹೇಳುತ್ತದೆ: ‘ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ’. ಆರ್ಕಾಟ್ ಎಂದರೆ ದಿವಾನರು. ತಂಬೂಚೆಟ್ಟಿ ಅರಮನೆಯಲ್ಲಿ ಪ್ರಭಾವಿಯಾಗಿದ್ದ ಅಧಿಕಾರಿ. ಮಹಾರಾಜರ ಹೆಸರು ಇದರಲ್ಲಿಲ್ಲ ಎಂಬುದನ್ನು ನೋಡಿ. ಪ್ರಾಸಕ್ಕಾಗಿ ಕಟ್ಟಿದ ಘೋಷಣೆಯಾದರೂ ಅದರಲ್ಲಿ ರಾಜಕೀಯ ಲೆಕ್ಕಾಚಾರವಿದೆ ಎಂದು ನಾನು ಓದುತ್ತೇನೆ: ರಾಜಮನೆತನದ ಮೇಲೆ ಜನರಿಗಿದ್ದ ಗೌರವವನ್ನು ಕೆಣಕದೆ, ಅದರ ಹೆಸರಿನಲ್ಲಿ ಆಳುತ್ತಿದ್ದವರ ಮೇಲೆ ಎಲ್ಲ ಸಿಟ್ಟನ್ನೂ ತಿರುಗಿಸಿದ್ದರಿಂದ, ದಸರೆಗೆ ಭಕ್ತಿಯಿಂದ ಹೋಗುತ್ತಿದ್ದ ರೈತನೂ ಸಂಕೋಚವಿಲ್ಲದೆ ಕೂಗಬಹುದಾದ ಘೋಷಣೆ ಇದಾಯಿತು. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ಗೋಲಿಬಾರಿಗೆ ರಾಮಸ್ವಾಮಿ ಎಂಬ ವಿದ್ಯಾರ್ಥಿ ಬಲಿಯಾದನು. ಅಲ್ಲಿನ ರಾಮಸ್ವಾಮಿ ವೃತ್ತಕ್ಕೆ ಹೆಸರು ಬಂದದ್ದು ಅವನಿಂದಲೇ.

ಸುಮಾರು ಆರು ವಾರಗಳಲ್ಲಿಯೇ ಸರ್ಕಾರ ಮಣಿದದ್ದಕ್ಕೆ ಕಾರಣ ಕೇಳಿದರೆ, ಎರಡನ್ನು ಬರೆಯಬಹುದು. 1938ರಲ್ಲಿ ದಿವಾನರ ಹಿಂದೆ ಬ್ರಿಟಿಷ್ ಸಾಮ್ರಾಜ್ಯವಿತ್ತು. 1947ರಲ್ಲಿ ದೆಹಲಿಯಲ್ಲಿ ಕುಳಿತಿದ್ದದ್ದು ಕಾಂಗ್ರೆಸ್ ಸರ್ಕಾರ. ಜೊತೆಗೆ 1937ರ ವಿಲೀನದಿಂದ ಚಳವಳಿಯ ಬೇರು ಹಳ್ಳಿಗೆ ಇಳಿದಿದ್ದ ಕಾರಣ ಪಟ್ಟಣದ ನಾಯಕರನ್ನು ಬಂಧಿಸಿ ಅದನ್ನು ಮುಗಿಸುವುದು ಸಾಧ್ಯವಾಗಲಿಲ್ಲ. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ಆ ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಇಲ್ಲಿ ಇನ್ನೊಂದು ಸಣ್ಣ ಬಲೆಯಿದೆ. ಮುಖ್ಯಮಂತ್ರಿ ಬಂದ ದಿನವೇ ದಿವಾನ ಪದವಿ ಹೋಯಿತು ಎಂದು ಊಹಿಸಬಾರದು. ‘ಬಾಯ್ಕಾಟ್’ ಎನಿಸಿಕೊಂಡ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೇ 1949ರವರೆಗೆ ದಿವಾನರಾಗಿ ಮುಂದುವರಿದರು. 1949ರ ನವೆಂಬರ್‌ನಲ್ಲಿ ಮಹಾರಾಜರು ಭಾರತದ ಸಂವಿಧಾನವನ್ನು ಮೈಸೂರಿಗೂ ಒಪ್ಪಿ ಘೋಷಣೆ ಹೊರಡಿಸಿದರು. 1950ರ ಜನವರಿ 26ರಂದು ಮೈಸೂರು ‘ಬಿ’ ವರ್ಗದ (ಹಿಂದಿನ ಸಂಸ್ಥಾನಗಳಿಂದಾದ) ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು (ರಾಜ್ಯಪಾಲರಂಥ ಸ್ಥಾನ). ‘ಮೈಸೂರಿನ ಕೊನೆಯ ದಿವಾನರು ಯಾರು’ ಎಂಬ ಒಂದಂಕದ ಪ್ರಶ್ನೆಗೂ ‘ಮೈಸೂರು ಚಲೋ ಯಾರ ವಿರುದ್ಧ’ ಎಂಬ ಪ್ರಶ್ನೆಗೂ ಒಂದೇ ಹೆಸರು ಬರುವುದು ಹೀಗೆ.