ಊರಿನ ಪ್ರಮಾಣಪತ್ರವೂ ಮುಂಬಯಿಯ ಪೊಲೀಸ್ ಠಾಣೆಯೂ

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬೇಕೆಂದು ಮುಂಬಯಿಯಲ್ಲಿ ನನ್ನ ಬಳಿ ಬರುವ ಕರ್ನಾಟಕದ ಬುಡಕಟ್ಟು ಜನರು, ಅಷ್ಟರೊಳಗೆ ಯಾರಿಂದಲೋ ‘ನಿಮ್ಮ ಜಾತಿ ಸರ್ಟಿಫಿಕೇಟ್ ಊರಿನದು, ಇಲ್ಲಿ ನಡೆಯುವುದಿಲ್ಲ’ ಎಂದು ಕೇಳಿಸಿಕೊಂಡೇ ಬಂದಿರುತ್ತಾರೆ. ಹಾಗೆ ಹೇಳುವವರು ಪೊಲೀಸರು ಮಾತ್ರವೇ ಆಗಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ನಮ್ಮ ಕನ್ನಡ ಬಳಗದ ಓದಿದ ಹಿರಿಯರೂ ಇದನ್ನೇ ಹೇಳಿ ಕಳುಹಿಸುತ್ತಾರೆ.

ಗೊಂದಲ ಹುಟ್ಟುವುದು ಮೀಸಲಾತಿಯಿಂದ. ಪರಿಶಿಷ್ಟರ ಪಟ್ಟಿ ರಾಜ್ಯಕ್ಕೊಂದು ಬಗೆ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ಇವೆರಡಕ್ಕೂ ಸೇರದ ವಿಮುಕ್ತ ಜಾತಿ. ಆದ್ದರಿಂದ ಊರಿನ ಕಾಗದ ತೋರಿಸಿ ಇಲ್ಲಿಯ ರಾಜ್ಯ ಸರ್ಕಾರದ ಮೀಸಲು ನೌಕರಿ ಕೇಳುವಂತಿಲ್ಲ. ಆದರೆ 1989ರ ಈ ದೌರ್ಜನ್ಯ ತಡೆ ಕಾಯ್ದೆಗೆ ನೌಕರಿ, ಸೀಟುಗಳ ಗೊಡವೆಯೇ ಇಲ್ಲ. ಹೊಡೆತವನ್ನೂ ಬಹಿರಂಗ ನಿಂದನೆಯನ್ನೂ ಶಿಕ್ಷಿಸುವ ಕಾನೂನು ಅದು. ತನ್ನ ರಾಜ್ಯದಲ್ಲಿ ಪರಿಶಿಷ್ಟ ಎನಿಸಿಕೊಂಡ ವ್ಯಕ್ತಿಯ ಮೇಲೆ ದೇಶದ ಯಾವ ಭಾಗದಲ್ಲಿ ದೌರ್ಜನ್ಯ ನಡೆದರೂ, ಆ ಭಾಗದ ಪಟ್ಟಿಯಲ್ಲಿ ಅವರ ಸಮುದಾಯದ ಹೆಸರು ಇಲ್ಲದಿದ್ದರೂ, ಈ ರಕ್ಷಣೆ ಉಂಟು ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ತೀರ್ಮಾನಿಸಿದೆ. ಮತ್ತೊಮ್ಮೆ ಹೇಳುತ್ತೇನೆ: ನೌಕರಿಗೆ ನಡೆಯದ ಅದೇ ಕಾಗದ ದೂರಿಗೆ ನಡೆಯುತ್ತದೆ.

ತಲೆಗೂದಲಿನ ಎಣ್ಣೆ ಮಾರುವ ಹಕ್ಕಿಪಿಕ್ಕಿ ಹೆಂಗಸೊಬ್ಬರನ್ನು, ಜಾತಿಯ ಹೆಸರೆತ್ತಿ ಕಳ್ಳಿಯೆಂದು ಕೂಗಿ, ಹಾಡಹಗಲೇ ರಸ್ತೆಯಲ್ಲಿ ಹೊಡೆದಿದ್ದರು. ಠಾಣೆಯ ಡ್ಯೂಟಿ ಅಧಿಕಾರಿ ನಾಡಕಚೇರಿಯ ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರವನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ‘ಹೇ ಇಥಂ ಚಾಲತ್ ನಾಹೀ’ (ಇದು ಇಲ್ಲಿ ನಡೆಯುವುದಿಲ್ಲ) ಎಂದು ಎನ್‌ಸಿ, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದುಕೊಟ್ಟರು. ‘ಚೀಟಿ ಕೊಟ್ಟರಲ್ಲ ಸಾರ್, ಕೇಸ್ ಆದಂಗೇ ಅಲ್ವಾ?’ ಎಂದು ಆಕೆ ನನ್ನನ್ನೇ ಸಮಾಧಾನಪಡಿಸುವಂತೆ ಕೇಳಿದರು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲದ ದಾಖಲೆ ಅದು. ತೀರ್ಪಿನ ಪ್ರತಿ ಲಗತ್ತಿಸಿ ಡಿಸಿಪಿಯವರಿಗೆ ಲಿಖಿತವಾಗಿ ಕೊಟ್ಟ ಮೇಲೆ ಎಫ್‌ಐಆರ್ ದಾಖಲಾಯಿತು. ಕಾಯ್ದೆಯ 2018ರ ತಿದ್ದುಪಡಿಯ ನಂತರ, ಎಫ್‌ಐಆರ್‌ಗೆ ಮೊದಲು ಪೂರ್ವಭಾವಿ ವಿಚಾರಣೆ ಆಗಬೇಕೆಂಬ ನೆಪವೂ ಇಲ್ಲ.

ಹಾಗೆಂದು ಎಲ್ಲ ಜಗಳವೂ ಈ ಕಾಯ್ದೆಯಡಿ ಬರುವುದಿಲ್ಲ. ನಿಂದನೆಯಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಡೆದಿರಬೇಕು. ಹೊಡೆತದ ಪ್ರಕರಣದಲ್ಲಿ ಹೊಡೆದವರಿಗೆ ಆ ವ್ಯಕ್ತಿಯ ಸಮುದಾಯ ಗೊತ್ತಿತ್ತೇ ಎಂಬ ಪ್ರಶ್ನೆ ಎದುರಾಗುತ್ತದೆ. ಹೀಗಾಗಿ ಆಡಿದ ಮಾತುಗಳನ್ನು ನಾಚದೆ, ಆಡಿದ ಹಾಗೆಯೇ ಬರೆಸಬೇಕು. ವಕೀಲರ ಫೀಸಿಗೆ ಹೆದರಿ ಸುಮ್ಮನಾಗುವವರಿಗೆ ಒಂದು ಮಾತು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.