ಬಾಣ ತಗುಲಿದ ಎಲ್ಕ್ ಎಲ್ಲಿ ಹೋಯಿತು?

ನೆಲದ ಮೇಲೆ ರಕ್ತ ಜಾಸ್ತಿ ಬಿದ್ದಿದ್ದರೆ ಪ್ರಾಣಿ ಹತ್ತಿರದಲ್ಲೇ ಸತ್ತು ಬಿದ್ದಿರುತ್ತದೆ. ರಕ್ತ ಕಡಿಮೆ ಇದ್ದರೆ ಬಾಣ ಸುಮ್ನೆ ಸವರಿಕೊಂಡು ಹೋಗಿದೆ, ಹುಡುಕಿ ಪ್ರಯೋಜನವಿಲ್ಲ. ಬಿಲ್ಲು ಹಿಡಿದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವ ಅಮೆರಿಕನ್ನರಲ್ಲಿ ಹೀಗೆ ನಂಬುವವರು ಇನ್ನೂ ಇದ್ದಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಎರಡನ್ನೂ ನಂಬುವ ಹಾಗಿಲ್ಲ. ಇದನ್ನು ನಂಬಿ ಬೇಗ ಕೈಬಿಟ್ಟವರಿಂದಾಗಿ, ಸತ್ತ ಪ್ರಾಣಿ ಕೂಗಳತೆಯಲ್ಲೇ ಯಾರಿಗೂ ಸಿಗದೆ ಕೊಳೆಯುವುದುಂಟು. ನನಗೆ ಬೇಸರವಾಗುವುದು ಇಲ್ಲೇ. ತಪ್ಪಿಸಬಹುದಾದ ನಷ್ಟ ಇದು.

ಮೊದಲು ಒಂದು ಲೆಕ್ಕ ಹಾಕೋಣ. ಸಸ್ತನಿಗಳ ಮೈತೂಕದಲ್ಲಿ ರಕ್ತದ ಪಾಲು ಸುಮಾರು ಶೇಕಡ 7ರಿಂದ 8. ಬೆಳೆದ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ. ಅಂದರೆ 20 ಲೀಟರಿಗೂ ಹೆಚ್ಚು ರಕ್ತ. ಅದು ಕುಸಿದು ಬೀಳಬೇಕಾದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ, ಏಳೆಂಟು ಲೀಟರಿನಷ್ಟು, ರಕ್ತನಾಳ ಬಿಟ್ಟು ಹೊರಗೆ ಬರಬೇಕು. ಈಗ ಹನಿಯ ಲೆಕ್ಕ. ತಾನಾಗಿ ತೊಟ್ಟಿಕ್ಕುವ ರಕ್ತದ ಒಂದು ಹನಿ ಸುಮಾರು 0.05 ಮಿಲಿಲೀಟರ್. 20 ಹನಿ ಸೇರಿದರೆ 1 ಮಿಲಿಲೀಟರ್. ಹುಲ್ಲಿನ ಮೇಲೆ, ಎಲೆಗಳ ಮೇಲೆ 2000 ಹನಿ ಬಿದ್ದಿದ್ದರೆ ನೋಡಿದವರ ಎದೆ ಝಲ್ಲೆನ್ನುತ್ತದೆ. ಒಟ್ಟು ಎಷ್ಟಾಯಿತು? ಬರೀ 100 ಮಿಲಿಲೀಟರ್. ನಮ್ಮ ರಕ್ತದಾನ ಶಿಬಿರಗಳಲ್ಲಿ 50 ಕಿಲೋ ತೂಗುವವರೂ 350 ಮಿಲಿಲೀಟರ್ ಕೊಟ್ಟು, ಸ್ವಲ್ಪ ಹೊತ್ತು ಕೂತು, ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ.

ಹಾಗಾದರೆ ಎಲ್ಕ್‌ನ ಪ್ರಾಣ ತೆಗೆಯುವ ರಕ್ತ ಎಲ್ಲಿಗೆ ಹೋಗುತ್ತದೆ? ಬಹುಪಾಲು ಅದರ ಮೈಯೊಳಗೇ ಉಳಿಯುತ್ತದೆ.

ಎಲ್ಕ್ ನಮ್ಮ ಕಡವೆಯ ನೆಂಟ, ಮೈಯಲ್ಲಿ ಇನ್ನೂ ದೊಡ್ಡದು. ಕೊಲರಾಡೊ, ಮೊಂಟಾನಾ, ಐಡಹೋ ರಾಜ್ಯಗಳ ರಾಕಿ ಪರ್ವತಗಳಲ್ಲಿ ಸೆಪ್ಟೆಂಬರ್ ಬಂದರೆ ಗಂಡುಗಳಿಗೆ ಬೆದೆಯ ಕಾಲ. ಬೆಳಗ್ಗೆ, ಸಂಜೆ ಸಿಳ್ಳೆಯಂಥ ಉದ್ದನೆಯ ಕೂಗು ಕಣಿವೆ ತುಂಬುತ್ತದೆ. ಬಿಲ್ಲುಗಾರರ ಸೀಸನ್ನೂ ಆಗಲೇ. ಆ ಕೂಗನ್ನೇ ಅನುಕರಿಸಿ, ಗಂಡನ್ನು ಮೂವತ್ತು ನಲವತ್ತು ಮೀಟರ್ ಹತ್ತಿರಕ್ಕೆ ಕರೆಸಿಕೊಂಡು ಬಾಣ ಬಿಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಲ್ಲಿ ಲೈಸೆನ್ಸ್ ಪಡೆದು ಬೇಟೆ ಆಡಬಹುದು. ಬೇಟೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬಾಣ ತಗುಲಿದ ಮೇಲೆ ಆ ಪ್ರಾಣಿಯನ್ನು ಹುಡುಕಲೇಬೇಕು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಹೋಗದಿರುವುದು ಕೊಲರಾಡೊದಲ್ಲಿ ಕಾನೂನು ಪ್ರಕಾರವೂ ಅಪರಾಧ.

ಬಾಣ ಕೊಲ್ಲುವ ಬಗೆ ಗುಂಡಿನದಕ್ಕಿಂತ ಬೇರೆ. ರೈಫಲ್ ಗುಂಡು ತನ್ನ ವೇಗದಿಂದಲೇ ಸುತ್ತಲಿನ ಅಂಗಾಂಶವನ್ನು ಚಿಂದಿ ಮಾಡುತ್ತದೆ. ಬಾಣಕ್ಕೆ ಆ ವೇಗ ಇಲ್ಲ. ಅದರ ತುದಿಯಲ್ಲಿ ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಲಗುಗಳ ಬ್ರಾಡ್‌ಹೆಡ್ ಇರುತ್ತದೆ. ಅದು ಕುಯ್ದುಕೊಂಡು ಹೋಗುತ್ತದೆ, ಅಷ್ಟೇ. ಎಷ್ಟೋ ಸಲ ಬಾಣ ಮೈ ದಾಟಿ ಆಚೆ ಬದಿಯ ನೆಲಕ್ಕೆ ನಾಟಿಕೊಳ್ಳುತ್ತದೆ. ಅಲಗು ಮೊಂಡಾದರೆ ಅಂಗಾಂಶ ಜಜ್ಜಿಹೋಗುತ್ತದೆ. ಜಜ್ಜಿದ ಅಂಗಾಂಶದಿಂದ ಹೊರಬರುವ ರಾಸಾಯನಿಕಗಳು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತವೆ. ಹರಿತವಾದ ಅಲಗಿನ ಗಾಯದಲ್ಲಿ ಹೆಪ್ಪುಗಟ್ಟುವುದು ನಿಧಾನ.

ಈ ವಿಷಯವನ್ನು ವೈದ್ಯರ ಕಣ್ಣಿನಿಂದ ನೋಡಿದವರಲ್ಲಿ ಸ್ಯಾಕ್ಸ್‌ಟನ್ ಪೋಪ್ ಒಬ್ಬರು. ಅವರ ಕತೆ ಶುರುವಾಗುವುದು ಇನ್ನೊಬ್ಬರಿಂದ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಅಂಚಿನಲ್ಲಿ ಹಸಿದು ಬಸವಳಿದ ಒಬ್ಬ ಮನುಷ್ಯ ಕಾಣಿಸಿಕೊಂಡ. ಯಾಹಿ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯವನು ಅವನೇ. ಬಿಳಿಯರ ಹಿಂಸೆಗೆ ಅವನ ಜನರಲ್ಲಿ ಬಹುಪಾಲು ಮಂದಿ ಬಲಿಯಾಗಿದ್ದರು. ತನ್ನ ನಿಜವಾದ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಇಶಿ ಅಂತ ಕರೆದರು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಅವನಿಗೆ ವಾಸ. ಪಕ್ಕದ ಆಸ್ಪತ್ರೆಯ ಸರ್ಜನ್ ಪೋಪ್ ಅವನಿಗೆ ಚಿಕಿತ್ಸೆ ಕೊಡುತ್ತಾ ಕೊಡುತ್ತಾ ಗೆಳೆಯರಾದರು. ಬಿಲ್ಲು ಮಾಡುವುದು, ಮೆಲ್ಲಗೆ ಹೆಜ್ಜೆ ಇಡುವುದು, ಕಾಯುವುದು, ಎಲ್ಲವನ್ನೂ ಇಶಿಯಿಂದ ಕಲಿತರು. 1916ರಲ್ಲಿ ಇಶಿ ಕ್ಷಯರೋಗದಿಂದ ತೀರಿಕೊಂಡ. ಪೋಪ್ ಮತ್ತು ಅವರ ಜೊತೆಗಾರ ಆರ್ಥರ್ ಯಂಗ್ ಇಬ್ಬರ ಹೆಸರಿನಲ್ಲೇ 1961ರಲ್ಲಿ ಬಿಲ್ಲುಗಾರರ ಪೋಪ್ ಆ್ಯಂಡ್ ಯಂಗ್ ಕ್ಲಬ್ ಹುಟ್ಟಿತು. ಅಮೆರಿಕದ ಇಂದಿನ ಬಿಲ್ಲುಬೇಟೆಯ ವಂಶಾವಳಿ ಹಿಡಿದು ಹಿಂದೆ ಹೋದರೆ ಇಶಿ ಸಿಗುತ್ತಾನೆ. ಕ್ಲಬ್ಬಿನ ಹೆಸರಿನಲ್ಲಿ ಅವನಿಲ್ಲ ಎಂಬುದು ನನಗೆ ಯಾವಾಗಲೂ ಚುಚ್ಚುತ್ತದೆ.

ಈಗ ಎದೆಗೂಡಿನ ಒಳಗೆ ಹೋಗೋಣ. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇಲ್ಲಿದೆ. ಬಾಣ ಎರಡೂ ಶ್ವಾಸಕೋಶಗಳನ್ನು ದಾಟಿತು ಅಂದುಕೊಳ್ಳಿ. ಕುಯ್ದ ನಾಳಗಳಿಂದ ರಕ್ತ ಎದೆಗೂಡಿನೊಳಗೆ ಸುರಿಯುತ್ತದೆ. ಖಾಲಿ ಕೊಡದ ಕತ್ತಿನ ಹತ್ತಿರ ತೂತು ಇದ್ದರೆ, ಕೊಡ ಬಹುಪಾಲು ತುಂಬುವವರೆಗೂ ಒಂದು ಹನಿ ನೀರು ಹೊರಬರುವುದಿಲ್ಲ. ತಳದ ಹತ್ತಿರ ತೂತಿದ್ದರೆ ಕೂಡಲೇ ಸೋರುತ್ತದೆ. ಎದೆಯ ಮೇಲ್ಭಾಗಕ್ಕೆ ತಗುಲಿದ ಬಾಣದ ಕತೆಯೂ ಹೀಗೇ. ಒಳಗೆ ಲೀಟರುಗಟ್ಟಲೆ ತುಂಬುತ್ತಿದ್ದರೂ ನೆಲದ ಮೇಲೆ ನಾಲ್ಕು ಹನಿ ಕಾಣುವುದಿಲ್ಲ. ಬಾಣ ಆಚೆ ದಾಟಿ, ಹೊರಟ ತೂತು ಕೆಳಗಿದ್ದರೆ ಜಾಡು ಢಾಳಾಗಿ ಕಾಣುತ್ತದೆ. ಅದಕ್ಕೇ ಎತ್ತರದ ಮರದ ಮೇಲೆ ಕೂತು ಕೆಳಮುಖವಾಗಿ ಬಿಟ್ಟ ಬಾಣ ಮೈಯಲ್ಲೇ ಉಳಿದುಬಿಟ್ಟರೆ ಜಾಡು ಹಿಡಿಯುವುದು ಕಷ್ಟ. ತೂತು ಒಂದೇ, ಅದೂ ಮೇಲೆ.

ರಕ್ತಕ್ಕಿಂತ ಬೇಗ ಕೆಲಸ ಮಾಡುವುದು ಗಾಳಿ. ಶ್ವಾಸಕೋಶ ಹಿಗ್ಗಿಕೊಂಡಿರುವುದು ಎದೆಗೂಡಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ. ತೂತು ಬಿದ್ದು ಗಾಳಿ ಒಳನುಗ್ಗಿದರೆ ಶ್ವಾಸಕೋಶ ಕುಗ್ಗುತ್ತದೆ. ಎರಡೂ ಕುಗ್ಗಿದರೆ ಎಲ್ಕ್ ಹೆಚ್ಚು ದೂರ ಓಡಲಾರದು. ಒಂದೇ ಕುಗ್ಗಿದರೆ ಗುಡ್ಡ ಹತ್ತಿ ಇಳಿದು ಹೋಗಬಲ್ಲದು.

ಇಲ್ಲಿ ಇನ್ನೊಂದು ಹಟಮಾರಿ ನಂಬಿಕೆ ಇದೆ. ಬೆನ್ನುಮೂಳೆಯ ಕೆಳಗೆ, ಶ್ವಾಸಕೋಶದ ಮೇಲೆ ಒಂದು ಖಾಲಿ ಜಾಗ ಇದೆಯಂತೆ. ಬಾಣ ಅದರೊಳಗೆ ದಾಟಿದರೆ ಪ್ರಾಣಿಗೆ ಏನೂ ಆಗುವುದಿಲ್ಲವಂತೆ. ಅಂಥ ಜಾಗವೇ ಇಲ್ಲ. ಶ್ವಾಸಕೋಶ ಬೆನ್ನುಮೂಳೆಗೆ ತಾಗಿಕೊಂಡೇ ಇರುತ್ತದೆ. ನಿಜ ಸಂಗತಿ ಹೀಗಿದೆ: ಭುಜದ ಹತ್ತಿರ ಬೆನ್ನುಮೂಳೆಯ ತುಂಡುಗಳಾದ ಕಶೇರುಗಳಿಂದ ಉದ್ದನೆಯ ಮುಳ್ಳುಗಳಂಥ ಮೂಳೆಗಳು ಮೇಲಕ್ಕೆ ಎದ್ದಿರುತ್ತವೆ. ಹಾಗಾಗಿ ಬೆನ್ನುಹುರಿ ಸಾಗುವ ಜಾಗ ನಾವು ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿದೆ. ಬಾಣ ಬೆನ್ನುಹುರಿಯ ಮೇಲಿನ ಮಾಂಸದಲ್ಲಿ ದಾಟಿರುತ್ತದೆ. ಎಲ್ಕ್ ಬದುಕಿಕೊಳ್ಳುತ್ತದೆ. ಬಿಲ್ಲುಗಾರ ಮಾತ್ರ ಎದೆಗೇ ಹೊಡೆದೆ ಅಂದುಕೊಳ್ಳುತ್ತಾನೆ. ಯಾವುದಾದರೂ ಜಿಂಕೆಯ ಅಸ್ಥಿಪಂಜರವನ್ನು ಒಮ್ಮೆ ಸರಿಯಾಗಿ ನೋಡಿದರೆ ಸಾಕು, ಈ ಖಾಲಿ ಜಾಗದ ಕತೆ ಮುಗಿಯುತ್ತದೆ.

ಹನಿ ಎಷ್ಟಿದೆ ಎಂಬುದಕ್ಕಿಂತ ಹೇಗಿದೆ ಎಂಬುದನ್ನು ನೋಡಬೇಕು. ನಸುಗೆಂಪು ಬಣ್ಣ, ಸಣ್ಣ ಗುಳ್ಳೆಗಳ ನೊರೆ ಇದ್ದರೆ ಶ್ವಾಸಕೋಶದ ರಕ್ತ. ಕಪ್ಪಗೆ, ವೈನ್ ಬಣ್ಣದಲ್ಲಿದ್ದರೆ ಲಿವರಿನದು. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬಂದದ್ದು, ಆಮ್ಲಜನಕ ಕಡಿಮೆ, ಅದಕ್ಕೇ ಕಪ್ಪು. ಹಸಿರು ಚೂರು, ಹುಳಿ ವಾಸನೆ ಇದ್ದರೆ ಬಾಣ ಹೊಟ್ಟೆಗೆ ತಗುಲಿದೆ. ಎಲ್ಕ್ ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆ ಎಡಬದಿಯನ್ನು ತುಂಬಿಕೊಂಡು ಲಿವರನ್ನು ಬಲಕ್ಕೆ ತಳ್ಳಿರುತ್ತದೆ. ಹಾಗಾಗಿ ಬಾಣ ಯಾವ ಬದಿಯಿಂದ, ಯಾವ ಕೋನದಲ್ಲಿ ಹೋಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಣ್ಣವನ್ನು ಬೇಗ ನೋಡಿಕೊಳ್ಳಬೇಕು. ಕಪ್ಪು ರಕ್ತವೂ ತೆಳ್ಳಗೆ ಹರಡಿದರೆ ಗಾಳಿಯ ಆಮ್ಲಜನಕ ಹೀರಿ ಕೆಂಪಾಗುತ್ತದೆ. ಹೊತ್ತು ಕಳೆದರೆ ಹಿಮೋಗ್ಲೋಬಿನ್‌ನ ಕಬ್ಬಿಣ ಉತ್ಕರ್ಷಣಗೊಂಡು ಎಲ್ಲವೂ ಒಂದೇ ಕಂದು. ದಟ್ಟ ಕೆಂಪು ರಕ್ತ ಮೊದಲು ಧಾರಾಳವಾಗಿ ಬಿದ್ದು, ಆಮೇಲೆ ತೆಳುವಾಗುತ್ತಾ ನಿಂತುಹೋದರೆ ಅದು ಹೆಚ್ಚಾಗಿ ಮಾಂಸಖಂಡದ ಗಾಯ. ಅಂಥ ಎಲ್ಕ್ ಎಷ್ಟೋ ಸಲ ಗುಣವಾಗುತ್ತದೆ.

ಈ ಗುರುತುಗಳನ್ನೆಲ್ಲ ಓದಿದ ಮೇಲೆ ಬೇಟೆಗಾರ ಮಾಡಬೇಕಾದ ಕೆಲಸ ಸುಮ್ನೆ ಕೂರುವುದು. ಹೊಸಬರಿಗೆ ಇದೇ ಕಷ್ಟ. ಶ್ವಾಸಕೋಶದ ಗಾಯವಾದರೆ ಅರ್ಧ ಗಂಟೆ, ಲಿವರ್ ಆದರೆ ನಾಲ್ಕರಿಂದ ಆರು ಗಂಟೆ, ಹೊಟ್ಟೆಯಾದರೆ ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು ಎಂಬುದು ಅನುಭವಿಗಳ ರೂಢಿ. ಬೆನ್ನಟ್ಟುವವರು ಇಲ್ಲದಿದ್ದರೆ ಹೊಟ್ಟೆಗೆ ಪೆಟ್ಟಾದ ಎಲ್ಕ್ ಸಾಮಾನ್ಯವಾಗಿ ಹತ್ತಿರದ ಪೊದೆಯಲ್ಲಿ ಮಲಗುತ್ತದೆ. ಎಬ್ಬಿಸಿದರೆ ಅಡ್ರಿನಲಿನ್ ಉಕ್ಕುತ್ತದೆ. ಚರ್ಮದ, ಕರುಳಿನ ನಾಳಗಳು ಬಿಗಿಯುತ್ತವೆ, ಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಗುಲ್ಮ (ಸ್ಪ್ಲೀನ್) ಕುಗ್ಗಿ ತನ್ನಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಸಾಯಬೇಕಾದ ಪ್ರಾಣಿ ಇನ್ನೂ ಕಿಲೋಮೀಟರುಗಟ್ಟಲೆ ನರಳುತ್ತಾ ನಡೆಯುತ್ತದೆ. ಹೊಟ್ಟೆಯ ತೂತಿಗೆ ಒಳಗಿನ ಕೊಬ್ಬು, ಹುಲ್ಲು ಸಿಕ್ಕಿಕೊಂಡು ರಕ್ತವೂ ನಿಂತಿರುತ್ತದೆ. ಹಿಡಿಯಲು ಜಾಡೇ ಇರುವುದಿಲ್ಲ.

ಹುಡುಕಲು ಹೊರಟಾಗ ನಮ್ಮ ಕಣ್ಣೂ ಕೈಕೊಡಬಹುದು. ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇಕಡ 8 ಮಂದಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಹಸಿರು ಹುಲ್ಲಿನ ಮೇಲಿನ ಕೆಂಪು ಹನಿ ಅವರಿಗೆ ಕಾಣದೇ ಹೋಗಬಹುದು. ಮುಸ್ಸಂಜೆಯಲ್ಲಿ ಎಲ್ಲರದ್ದೂ ಅದೇ ಪಾಡು. ಬೆಳಕು ಕುಂದಿದಾಗ ಕಣ್ಣಿನ ಬಣ್ಣದ ಕೋಶಗಳು ಹಿಂದೆ ಸರಿದು, ಕೆಂಪಿಗೆ ಬಹುತೇಕ ಕುರುಡಾದ ಇನ್ನೊಂದು ಬಗೆಯ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಕೆಂಪು ಹನಿ ಕಪ್ಪು ಚುಕ್ಕೆಯಾಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಹೂಗಳಲ್ಲಿ ಗಮನಿಸಿದರು. ಬಿಳಿ ಬೆಳಕಿನ ಒಳ್ಳೆಯ ಟಾರ್ಚ್ ಇದ್ದರೆ ಈ ತೊಂದರೆ ತಪ್ಪುತ್ತದೆ. ನೇರಳಾತೀತ ಬೆಳಕಿನಲ್ಲಿ ರಕ್ತ ಹೊಳೆಯುತ್ತದೆ ಎಂಬುದು ಮಾತ್ರ ಟೀವಿ ಧಾರಾವಾಹಿಗಳು ಹಬ್ಬಿಸಿದ ತಪ್ಪು. ರಕ್ತ ಆ ಬೆಳಕನ್ನು ಹೀರಿಕೊಂಡು ಇನ್ನೂ ಕಪ್ಪಗೆ ಕಾಣುತ್ತದೆ. ಕತ್ತಲಲ್ಲಿ ರಕ್ತದ ಕಲೆ ನೀಲಿಯಾಗಿ ಹೊಳೆಯುವುದು ಲ್ಯೂಮಿನಾಲ್ ಸಿಂಪಡಿಸಿದಾಗ. ಅದು ರಾಸಾಯನಿಕ ಕ್ರಿಯೆ, ಬೇರೆಯೇ ವಿಷಯ. ಎಲೆ ಮೇಲಿನ ಕೆಂಪು ಚುಕ್ಕೆ ರಕ್ತವೋ ಸೆಪ್ಟೆಂಬರಿನ ಎಲೆಯ ಬಣ್ಣವೋ ಎಂಬ ಅನುಮಾನ ಬಂದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಬಹುದು. ರಕ್ತದ ಕ್ಯಾಟಲೇಸ್ ಕಿಣ್ವ ಅದನ್ನು ಒಡೆದು ಬಿಳಿ ನೊರೆ ಎಬ್ಬಿಸುತ್ತದೆ. ಜಜ್ಜಿದ ಸೊಪ್ಪಿನಲ್ಲೂ ಅದೇ ಕಿಣ್ವ ಇರುವುದರಿಂದ ಹರಿದ ಎಲೆಯ ಅಂಚಿನ ನೊರೆಯನ್ನು ನಂಬಬಾರದು.

ಜಾಡು ತಪ್ಪಿದರೆ ಕೊನೆಯ ಹನಿಯ ಹತ್ತಿರ ಬಣ್ಣದ ಟೇಪ್ ಕಟ್ಟಿ, ಅಲ್ಲಿಂದ ಸುತ್ತು ಹಾಕುತ್ತಾ ಹುಡುಕುತ್ತಾರೆ. ಹಿಂದಿನ ಹನಿಗಳ ಹತ್ತಿರ ಕಟ್ಟಿಕೊಂಡು ಬಂದ ಟೇಪ್‌ಗಳ ಸಾಲು ನೋಡಿದರೆ ಎಲ್ಕ್ ಹೋದ ದಿಕ್ಕೂ ತಿಳಿಯುತ್ತದೆ.

ಕಾಯುವುದಕ್ಕೂ ಒಂದು ಬೆಲೆ ಇದೆ. ದೊಡ್ಡ ಮೈ, ದಪ್ಪ ತುಪ್ಪಳದ ಎಲ್ಕ್ ಬೇಗ ತಣ್ಣಗಾಗುವುದಿಲ್ಲ. ರಾತ್ರಿ ಹೊರಗೆ ಕೊರೆಯುವ ಚಳಿ ಇದ್ದರೂ ತೊಡೆಮೂಳೆಯ ಸುತ್ತ ಬಿಸಿ ಉಳಿದು ಮಾಂಸ ಅಲ್ಲಿಂದಲೇ ಕೆಡತೊಡಗುತ್ತದೆ. ಮೊಂಟಾನಾ, ವಯೋಮಿಂಗ್ ಕಡೆ ಗ್ರಿಜ್ಲಿ ಕರಡಿ ಮೊದಲೇ ಬಂದು ಕೂತಿರಬಹುದು. ಮಳೆ ಬಂದರೆ ಹನಿಗಳೆಲ್ಲ ತೊಳೆದುಹೋಗುತ್ತವೆ. ಇಷ್ಟೆಲ್ಲ ಆದ ಮೇಲೂ ಜಾಡು ಹಿಡಿಯಬಲ್ಲದ್ದು ತರಬೇತಿ ಪಡೆದ ನಾಯಿ. ಜರ್ಮನಿಯಲ್ಲಿ ಇದೊಂದೇ ಕೆಲಸಕ್ಕೆಂದು ಹ್ಯಾನೋವರ್, ಬವೇರಿಯಾ ತಳಿಗಳನ್ನು ಬೆಳೆಸಿದ್ದಾರೆ. ಆ ನಾಯಿಗೆ ರಕ್ತವೇ ಬೇಕೆಂದಿಲ್ಲ. ಹಿಂಡಿನ ಹತ್ತಾರು ಹೆಜ್ಜೆಗಳ ನಡುವೆ ಗಾಯಗೊಂಡ ಒಂದೇ ಪ್ರಾಣಿಯ ವಾಸನೆಯನ್ನು ಬೇರ್ಪಡಿಸಿ, ಮರುದಿನ ಬೆಳಗ್ಗೆಯೂ ಹಿಂಬಾಲಿಸುತ್ತದೆ. ಹಗ್ಗ ಹಾಕಿದ ನಾಯಿಯನ್ನು ಹೀಗೆ ಬಳಸಲು ಅಮೆರಿಕದಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಬಾಣಕ್ಕೆ ಲೈಸೆನ್ಸ್ ಕೊಡುವ ಎಲ್ಲ ರಾಜ್ಯಗಳೂ ಈ ನಾಯಿಗೂ ಅನುಮತಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.